ಏನು ಸುಡುತ್ತೀರಿ ಎಂದು ಮೊದಲೇ ಹೇಳಿ, ಬೂದಿ ಎಲ್ಲಿಗೆ ಎಂದೂ ಹೇಳಿ

ಮಾನ್ಯ ಸಂಪಾದಕರೇ,

ನಮ್ಮೂರು ಕೊಪ್ಪಳ ತಾಲ್ಲೂಕಿನ ಗಿಣಿಗೇರಾ ಹತ್ತಿರ. ಮಾಳಿಗೆ ಹತ್ತಿ ನಿಂತರೆ ಐದಾರು ಚಿಮಣಿ ಕಾಣುತ್ತವೆ. ಅದರಲ್ಲಿ ಸ್ಪಾಂಜ್ ಐರನ್, ಅಂದರೆ ಉಕ್ಕು ಮಾಡಲು ಬಳಸುವ ಕಬ್ಬಿಣ, ತಯಾರಿಸುವ ಒಂದು ಕಾರ್ಖಾನೆ ನಮಗೆ ತೀರಾ ಹತ್ತಿರ. ನಡುವೆ ಒಂದು ಹಳ್ಳ, ಎರಡು ಹೊಲ, ಅಷ್ಟೇ. ಆ ಕಾರ್ಖಾನೆಯವರು ಹೋದ ತಿಂಗಳು ನಮ್ಮೂರ ಸಮುದಾಯ ಭವನದಲ್ಲಿ ಸಭೆ ಕರೆದಿದ್ದರು. ತಮ್ಮ ವಿದ್ಯುತ್ ಘಟಕದ ಬಾಯ್ಲರ್‌ನಲ್ಲಿ ಇನ್ನು ಮುಂದೆ ಕಲ್ಲಿದ್ದಲು ಕಡಿಮೆ ಮಾಡುತ್ತೇವೆ, ಅದರ ಬದಲು ಊರಿನ ಕಸದಿಂದ ಮಾಡಿದ ಇಂಧನ ಮತ್ತು ಭತ್ತದ ಹೊಟ್ಟು ಸುಡುತ್ತೇವೆ ಎಂದು ತಿಳಿಸಿದರು. ಕಾರ್ಖಾನೆಯ ಹೆಸರು ಇಲ್ಲಿ ಬರೆಯುತ್ತಿಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ ಇವತ್ತು ಒಬ್ಬರು ಮಾಡಿದ್ದನ್ನು ನಾಳೆ ಹತ್ತು ಮಂದಿ ಮಾಡುತ್ತಾರೆ, ಅದಕ್ಕೇ ಈ ಮಾತು ಎಲ್ಲ ಕಾರ್ಖಾನೆಗಳಿಗೂ, ಅವುಗಳ ಪಕ್ಕದಲ್ಲಿ ಬದುಕುವ ಎಲ್ಲ ಊರುಗಳಿಗೂ ಮುಟ್ಟಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ಮೊದಲು ನನ್ನ ಬಗ್ಗೆ ಎರಡು ಮಾತು. ನಾನು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು. ನಾಲ್ಕು ಎಕರೆ ಹೊಲ ಇದೆ. ತಮ್ಮನ ಮಗ ಅದೇ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುತ್ತಾನೆ, ಅವನ ಸಂಬಳದಲ್ಲೇ ತಂಗಿಯ ಕಾಲೇಜು ನಡೆದಿದೆ. ಅಂದರೆ ಕಾರ್ಖಾನೆ ಮುಚ್ಚಲಿ ಎಂದು ಬಯಸುವವನು ನಾನಲ್ಲ. ನಮ್ಮ ಅಜ್ಜನ ಕಾಲದಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಹೊಲ ಹೋಯಿತು, ಅಪ್ಪನ ಕಾಲದಲ್ಲಿ ಕಾರ್ಖಾನೆಗಳಿಗೆ ಒಂದಷ್ಟು ಹೋಯಿತು. ಉಳಿದಿದ್ದರಲ್ಲಿ ನೆಟ್ಟಗೆ ಉಸಿರಾಡಿಕೊಂಡು ಇರಬೇಕು ಎನ್ನುವುದಷ್ಟೇ ಈಗಿನ ಆಸೆ.

ಎರಡು ವರ್ಷದ ಹಿಂದಿನ ಒಂದು ರಾತ್ರಿ ಹೇಳುತ್ತೇನೆ. ದೀಪಾವಳಿ ಮುಗಿದಿತ್ತು, ಹೊಲದಲ್ಲಿ ಹತ್ತಿ ಒಡೆದು ಬೆಳ್ಳಗೆ ನಿಂತಿತ್ತು. ರಾತ್ರಿ ಒಂದೂವರೆ ಸುಮಾರಿಗೆ ಅವ್ವ ಕೆಮ್ಮುತ್ತಾ ಎದ್ದಳು. ಬಾಗಿಲು ತೆಗೆದರೆ ಬೀದಿ ದೀಪ ಕಾಣದಷ್ಟು ಹೊಗೆ. ಕಟ್ಟೆಗೆ ಬಂದ ಹುಡುಗರು 'ಕ್ಯಾಪ್ ತೆಗದಾರ' ಎಂದರು. ಈ ಮಾತು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು, ಬೇರೆ ಕಡೆಯ ಓದುಗರಿಗೆ ಬಿಡಿಸಿ ಹೇಳುತ್ತೇನೆ. ಸ್ಪಾಂಜ್ ಐರನ್ ಮಾಡುವ ಕಿಲ್ನ್ ಎಂದರೆ ನಿಧಾನಕ್ಕೆ ತಿರುಗುವ ಉದ್ದನೆಯ ಕೊಳವೆ. ಅದರೊಳಗೆ ಅದಿರು ಮತ್ತು ಕಲ್ಲಿದ್ದಲು ಹಾಕಿ ಕಾಯಿಸುತ್ತಾರೆ. ಬರುವ ಹೊಗೆಯನ್ನು ಇನ್ನೊಂದು ಕೋಣೆಯಲ್ಲಿ ಮತ್ತೆ ಸುಟ್ಟು, ತಣಿಸಿ, ಇಎಸ್‌ಪಿ ಎನ್ನುವ ಯಂತ್ರದಲ್ಲಿ ಧೂಳು ಹಿಡಿದು, ಆಮೇಲೆ ಚಿಮಣಿಗೆ ಬಿಡಬೇಕು. ಕರೆಂಟ್ ಹೋದರೆ ಅಥವಾ ಒಳಗೆ ಒತ್ತಡ ಜಾಸ್ತಿಯಾದರೆ ಅಪಾಯ ಆಗಬಾರದು ಎಂದು ಮಧ್ಯದಲ್ಲಿ ಒಂದು ಮುಚ್ಚಳ ಇಟ್ಟಿರುತ್ತಾರೆ. ಅದು ತೆರೆದುಕೊಂಡರೆ ಹೊಗೆ ಎಲ್ಲಿಯೂ ಸೋಸದೆ ನೇರ ಹೊರಗೆ ಬರುತ್ತದೆ. ಅದು ಸುರಕ್ಷತೆಗೆ ಬೇಕೇಬೇಕಾದ ಮುಚ್ಚಳ, ಅದರ ಬಗ್ಗೆ ನನಗೆ ತಕರಾರಿಲ್ಲ.

ಆದರೆ ಆ ರಾತ್ರಿ ಏನಾಗಿದೆ ಎಂದು ಹೇಳುವವರು ಒಬ್ಬರೂ ಇರಲಿಲ್ಲ. ಗೇಟಿಗೆ ಹೋದೆವು. ಕಾವಲು ಹುಡುಗ ಪಾಪ, 'ನಮಗೇನೂ ಗೊತ್ತಿಲ್ರಿ, ಸಾಹೇಬ್ರು ಬೆಳಿಗ್ಗೆ ಬರ್ತಾರ' ಎಂದ. ಬೆಳಿಗ್ಗೆ ಸಾಹೇಬರು ಸಿಗಲಿಲ್ಲ. ಹತ್ತಿ ಮೇಲೆ ಕಪ್ಪು ಪುಡಿ ಕೂತಿತ್ತು. ಬಿಡಿಸಿ ಒಯ್ದಾಗ ವ್ಯಾಪಾರಿ ಮುಷ್ಟಿಯಲ್ಲಿ ಹಿಡಿದು ನೋಡಿ ರೇಟು ಇಳಿಸಿದ. ರೇಟು ಹೋಗಿದ್ದಕ್ಕಿಂತ ನನಗೆ ಜಾಸ್ತಿ ನೋವಾಗಿದ್ದು ಬೇರೆ ವಿಷಯಕ್ಕೆ. ಅವ್ವ ಇಡೀ ರಾತ್ರಿ ಮೂಗಿಗೆ ಒದ್ದೆ ಸೆರಗು ಹಿಡಿದು ಕೂತಿದ್ದಳು, ಇದು ಇನ್ನೂ ಎಷ್ಟು ಹೊತ್ತು ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು, ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ವರ್ಷ ಯುಗಾದಿ ಆದ ಮೇಲೆ ಒಂದು ಬದಲಾವಣೆ ಕಂಡಿತು. ಕಾರ್ಖಾನೆಯವರು ಊರಿನ ವಾಟ್ಸಾಪ್ ಗುಂಪಿಗೆ ಒಬ್ಬ ಎಂಜಿನಿಯರನ್ನು ಸೇರಿಸಿದರು. ಒಂದು ಸಂಜೆ ಅವರಿಂದ ಕನ್ನಡದಲ್ಲಿ ಸಂದೇಶ ಬಂತು. ದುರಸ್ತಿ ಮುಗಿದಿದೆ, ನಾಳೆ ಬೆಳಗಿನ ಜಾವ ಕಿಲ್ನ್ ಹೊತ್ತಿಸುತ್ತೇವೆ, ಮೊದಲ ಕೆಲವು ತಾಸು ಹೊಗೆ ಜಾಸ್ತಿ ಇರುತ್ತದೆ, ಗಾಳಿ ನಿಮ್ಮ ಊರಿನ ಕಡೆಗಿದೆ, ಇಷ್ಟೇ. ಆವತ್ತು ನಮ್ಮ ಓಣಿಯವರೆಲ್ಲ ಮಾಳಿಗೆ ಮೇಲೆ ಒಣಹಾಕಿದ್ದ ಸಂಡಿಗೆ, ಮೆಣಸಿನಕಾಯಿ ಒಳಗೆ ತಂದರು. ನೀರಿನ ಕೊಡಕ್ಕೆ ಮುಚ್ಚಳ ಹಾಕಿದರು. ಅವ್ವನನ್ನು ಅಕ್ಕನ ಮನೆಗೆ ಬಿಟ್ಟು ಬಂದೆ. ಹೊಗೆ ಬಂತು, ಹೋಯಿತು. ಅದೇ ಹೊಗೆ, ಅದೇ ವಾಸನೆ, ಆದರೆ ಊರಿನಲ್ಲಿ ಒಬ್ಬರೂ ಗೇಟಿಗೆ ಹೋಗಲಿಲ್ಲ. ನಾಲ್ಕು ಸಾಲಿನ ಸಂದೇಶಕ್ಕೆ ಇಷ್ಟು ಬೆಲೆ ಇದೆ ಎಂದು ನನಗೆ ಆವತ್ತು ಗೊತ್ತಾಯಿತು. ಆ ಎಂಜಿನಿಯರಿಗೆ ಈ ಪತ್ರದ ಮೂಲಕ ಧನ್ಯವಾದ ಹೇಳುತ್ತೇನೆ.

ಈಗ ಕಸದ ಇಂಧನದ ವಿಷಯಕ್ಕೆ ಬರುತ್ತೇನೆ. ಸಭೆಯಲ್ಲಿ ಇದನ್ನು ಆರ್‌ಡಿಎಫ್ ಎಂದರು. ಊರಿನ ಒಣ ಕಸದಲ್ಲಿ ಮರುಬಳಕೆಗೆ ಬಾರದ ಪ್ಲಾಸ್ಟಿಕ್ ಕವರ್, ಚಿಂದಿ ಬಟ್ಟೆ, ರಟ್ಟು, ಹರಿದ ಚಪ್ಪಲಿ ಇಂಥವನ್ನು ಬೇರೆ ಮಾಡಿ, ಮಣ್ಣು ಕಲ್ಲು ತೆಗೆದು, ಒಣಗಿಸಿ, ಚೂರು ಮಾಡಿದರೆ ಅದು ಇಂಧನ ಆಗುತ್ತದೆ. ಇದೇನೂ ಇವರು ತಲೆಯಿಂದ ತೆಗೆದ ಯೋಜನೆಯಲ್ಲ. 2016ರ ಘನತ್ಯಾಜ್ಯ ನಿಯಮದಲ್ಲೇ ಹೀಗೆ ಇಂಧನ ಮಾಡುವ ಘಟಕದಿಂದ 100 ಕಿಲೋಮೀಟರ್ ಒಳಗಿರುವ, ಇಂಧನ ಸುಡುವ ಕಾರ್ಖಾನೆಗಳು ಕನಿಷ್ಠ ಶೇ 5ರಷ್ಟನ್ನು ಇದರಿಂದ ತುಂಬಿಕೊಳ್ಳಬೇಕು ಎಂದಿತ್ತು. 2026ರ ಏಪ್ರಿಲ್ 1ರಿಂದ ಜಾರಿಯಾಗಿರುವ ಹೊಸ ನಿಯಮ ಅದನ್ನು ಆರು ವರ್ಷದಲ್ಲಿ ಶೇ 15ಕ್ಕೆ ಏರಿಸಲು ಹೇಳುತ್ತದೆ. ಅಂದರೆ ಇದು ಬಂದೇ ಬರುತ್ತದೆ. ಬರುವ ಮುಂಚೆ ನಾವು ತಿಳಿದುಕೊಳ್ಳುವುದು ಒಳ್ಳೆಯದು ಅಲ್ವಾ?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಸರಿಯಾಗಿ ಮಾಡಿದರೆ ಇದು ಒಳ್ಳೆಯ ಕೆಲಸ. ನಮ್ಮ ಊರುಗಳ ಹೊರಗೆ ಕಸದ ರಾಶಿಗೆ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆಯಾಡುವುದನ್ನು ಎಲ್ಲರೂ ನೋಡಿದ್ದೇವೆ. ಆ ಬೆಂಕಿಗೆ ಶಾಖ ಸಾಲದು, ಗಾಳಿ ಸಾಲದು, ಅರೆಬೆಂದ ಪ್ಲಾಸ್ಟಿಕ್ಕಿನ ವಿಷವೆಲ್ಲ ಹಾಗೇ ಗಾಳಿಗೆ ಬರುತ್ತದೆ. ಅದರ ಹೊಗೆ ಸೋಸಲು ಯಾವ ಯಂತ್ರವೂ ಇಲ್ಲ. ಅದೇ ಕಸ ಬಿಸಿ ಕುಲುಮೆಯಲ್ಲಿ ಪೂರ್ತಿ ಉರಿದು, ಹೊಗೆ ಸೋಸಿ ಹೊರಗೆ ಬಂದರೆ ಅದು ಮೇಲು. ಕಲ್ಲಿದ್ದಲೂ ಅಷ್ಟು ಉಳಿಯುತ್ತದೆ. ಸಭೆಯಲ್ಲಿ ಕೆಲವರು ಎದ್ದು 'ಬೆಂಗಳೂರಿನ ಕಸ ನಮ್ಮ ಮೂಗಿಗೆ ಯಾಕೆ' ಎಂದು ಕೂಗಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಮೊದಲು ಕೊಪ್ಪಳ, ಹೊಸಪೇಟೆ, ಗಂಗಾವತಿಯ ಕಸ ಮುಗಿಯಲಿ ಎಂದು ನಾನೂ ಕೇಳುತ್ತೇನೆ. ಆದರೆ ಬೇಡವೇ ಬೇಡ ಎನ್ನುವುದಿಲ್ಲ.

ಆದರೆ 'ಸರಿಯಾಗಿ' ಎನ್ನುವ ಮಾತಿನಲ್ಲೇ ಎಲ್ಲ ಇದೆ. ಸಭೆಯಲ್ಲಿ ನಮಗೆ ಒಂದು ವಿಡಿಯೊ ತೋರಿಸಿದರು. ಸಿಮೆಂಟ್ ಕಾರ್ಖಾನೆಯ ಕಿಲ್ನ್‌ನಲ್ಲಿ ಕಸ ಹೇಗೆ ಸುಡುತ್ತಾರೆ ಎನ್ನುವ ವಿಡಿಯೊ. ಅದು ನಿಜಕ್ಕೂ ಚೆನ್ನಾಗಿತ್ತು. ಸಿಮೆಂಟ್ ಕಿಲ್ನ್‌ನಲ್ಲಿ ಒಳಗಿನ ಕಲ್ಲೇ 1450 ಡಿಗ್ರಿವರೆಗೆ ಕಾಯುತ್ತದೆ, ಜ್ವಾಲೆ 2000 ಡಿಗ್ರಿ ಸಮೀಪ ಇರುತ್ತದೆ. ಹೊಗೆ ಆ ಶಾಖದಲ್ಲಿ ಹಲವು ಸೆಕೆಂಡ್ ಇರುತ್ತದೆ. ಸುತ್ತ ಸುಣ್ಣದ ಪುಡಿ ತುಂಬಿರುವುದರಿಂದ ಆಮ್ಲದ ಅನಿಲವನ್ನು ಅದೇ ಹೀರಿಕೊಳ್ಳುತ್ತದೆ. ಬೂದಿ ಕೂಡ ಸಿಮೆಂಟಿನೊಳಗೇ ಸೇರಿಹೋಗುತ್ತದೆ, ಹೊರಗೆ ಏನೂ ಉಳಿಯುವುದಿಲ್ಲ. ಸೇಡಂ, ವಾಡಿ ಕಡೆ ಅಂಥ ಕಿಲ್ನ್‌ಗಳಿವೆ.

ಆದರೆ ನಮ್ಮ ಪಕ್ಕದ ಕಾರ್ಖಾನೆಯಲ್ಲಿ ಇರುವುದು ಬಾಯ್ಲರ್. ಮರಳಿನ ಹಾಸಿಗೆಯನ್ನು ಕೆಳಗಿನಿಂದ ಗಾಳಿ ಊದಿ ಕುದಿಸಿ, ಅದರಲ್ಲಿ ಕಲ್ಲಿದ್ದಲು ಮತ್ತು ಡೋಲೋಚಾರ್ ಸುಡುವ ಬಾಯ್ಲರ್. ಡೋಲೋಚಾರ್ ಎಂದರೆ ಸ್ಪಾಂಜ್ ಐರನ್ ಕಿಲ್ನ್‌ನಿಂದ ಅರ್ಧ ಉರಿದು ಹೊರಬರುವ ಕರಿ ಪುಡಿ. ಅದೂ ಒಂದು ಕಸವೇ, ಅದನ್ನು ಇವರು ಮೊದಲಿನಿಂದ ಸುಡುತ್ತಿದ್ದಾರೆ, ಅದು ಒಳ್ಳೆಯದೇ. ಇಂಥ ಬಾಯ್ಲರಿನ ಹಾಸಿಗೆ ಸಾಮಾನ್ಯವಾಗಿ 850ರಿಂದ 900 ಡಿಗ್ರಿ ಇರುತ್ತದೆ. 2016ರ ನಿಯಮವೇ ಕಸ ಸುಡುವ ಕುಲುಮೆಗೆ ಎರಡನೇ ಕೋಣೆಯಲ್ಲಿ ಕನಿಷ್ಠ 950 ಡಿಗ್ರಿ ಇರಬೇಕು, ಹೊಗೆ ಅಲ್ಲಿ 2 ಸೆಕೆಂಡ್ ಆದರೂ ನಿಲ್ಲಬೇಕು ಎಂದು ಹೇಳಿತ್ತು. ನಾನು ಎದ್ದು ನಿಂತು ಕೇಳಿದೆ, ಸಿಮೆಂಟ್ ಕಿಲ್ನ್ ತೋರಿಸಿದ್ದೀರಿ, ನಿಮ್ಮ ಬಾಯ್ಲರ್‌ನಲ್ಲಿ ಹೊಗೆ ಎಷ್ಟು ಡಿಗ್ರಿಯಲ್ಲಿ ಎಷ್ಟು ಸೆಕೆಂಡ್ ಇರುತ್ತದೆ ಎಂದು. ಅವರು ಸುಳ್ಳು ಹೇಳಲಿಲ್ಲ. ಲೆಕ್ಕ ತೆಗೆದು ಬರವಣಿಗೆಯಲ್ಲಿ ಕೊಡುತ್ತೇವೆ ಎಂದರು. ನಾನು ಕಾಯುತ್ತಿದ್ದೇನೆ.

ಯಾಕೆ ಈ ಶಾಖದ ಲೆಕ್ಕ ಎಂದರೆ, ಡಯಾಕ್ಸಿನ್ ಎನ್ನುವ ವಿಷದ ಕಾರಣಕ್ಕೆ. ಕ್ಲೋರಿನ್ ಇರುವ ವಸ್ತು ಸುಟ್ಟಾಗ, ಅದರಲ್ಲೂ ಸರಿಯಾಗಿ ಉರಿಯದಿದ್ದಾಗ ಇದು ಹುಟ್ಟುತ್ತದೆ. ಇನ್ನೊಂದು ವಿಷಯ ಬಹಳ ಜನರಿಗೆ ತಿಳಿದಿಲ್ಲ. ಪೂರ್ತಿ ಉರಿದ ಹೊಗೆಯೂ ತಣ್ಣಗಾಗುವಾಗ, ಸುಮಾರು 450 ಡಿಗ್ರಿಯಿಂದ 200 ಡಿಗ್ರಿಗೆ ನಿಧಾನಕ್ಕೆ ಇಳಿಯುವಾಗ, ಬೂದಿಯ ಕಣಗಳ ಮೇಲೆ ಡಯಾಕ್ಸಿನ್ ಮತ್ತೆ ಕಟ್ಟಿಕೊಳ್ಳುತ್ತದೆ. ಅದಕ್ಕೇ ಒಳಗೆ ಬಿಸಿ ಇದ್ದರಷ್ಟೇ ಸಾಲದು, ಹೊಗೆಯನ್ನು ಬೇಗ ತಣಿಸಬೇಕು, ಒಳಗೆ ಹೋಗುವ ಕಸದಲ್ಲಿ ಕ್ಲೋರಿನ್ ಕಡಿಮೆ ಇರಬೇಕು. ಕ್ಲೋರಿನ್ ಎಲ್ಲಿಂದ ಬರುತ್ತದೆ? ಪಿವಿಸಿ ಎನ್ನುವ ಪ್ಲಾಸ್ಟಿಕ್ಕಿನಿಂದ. ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಲೋರಿನ್ನೇ. ಒಡೆದ ಪೈಪು, ಹಳೆಯ ವೈರಿನ ಹೊದಿಕೆ, ರೆಕ್ಸಿನ್ ಸೀಟು, ಇವೆಲ್ಲ ಅದೇ. ನಮ್ಮ ಜಾತ್ರೆಗೆ, ಹುಟ್ಟುಹಬ್ಬಕ್ಕೆ, ಚುನಾವಣೆಗೆ ಕಟ್ಟುವ ಫ್ಲೆಕ್ಸ್ ಕೂಡ ಅದೇ. ಗವಿಮಠದ ಜಾತ್ರೆಗೆ ಬರುವಾಗ ದಾರಿಯುದ್ದಕ್ಕೂ ಶುಭಕೋರುವ ಫ್ಲೆಕ್ಸ್ ಎಷ್ಟು ಇರುತ್ತವೆ ಎಂದು ನೆನಪು ಮಾಡಿಕೊಳ್ಳಿ. ಅವು ಹಬ್ಬ ಮುಗಿದ ಮೇಲೆ ಹೋಗುವುದು ಇದೇ ಕಸದ ಗಾಡಿಗೆ. ಅಡುಗೆಮನೆಯ ಉಪ್ಪು ಹತ್ತಿದ ಹಸಿ ಕಸ ಸೇರಿದರೂ ಕ್ಲೋರಿನ್ ಏರುತ್ತದೆ. ಅಂದರೆ ನಾವು ಮನೆಯಲ್ಲಿ ಕಸ ಬೇರೆ ಮಾಡುವುದಕ್ಕೂ ಚಿಮಣಿಯ ಹೊಗೆಗೂ ನೇರ ಸಂಬಂಧ ಇದೆ. ಹೊಸ ನಿಯಮದಲ್ಲಿ ಹಸಿ, ಒಣ, ಸ್ಯಾನಿಟರಿ ಮತ್ತು ವಿಶೇಷ ಕಸ ಎಂದು ನಾಲ್ಕು ಬಗೆ ಮಾಡಲು ಹೇಳಿದ್ದಾರೆ. ನಮ್ಮ ಪಂಚಾಯ್ತಿಯಲ್ಲಿ ಎರಡು ಬಗೆ ಮಾಡುವುದೇ ಇನ್ನೂ ಸರಿಯಾಗಿ ಆಗಿಲ್ಲ. ಈ ಮಾತು ಕಾರ್ಖಾನೆಯವರಿಗಲ್ಲ, ನಮಗೇ.

2018ರಲ್ಲಿ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ ಈ ಇಂಧನಕ್ಕೆ ದರ್ಜೆ ಮಾಡಿ ಮಾರ್ಗಸೂಚಿ ತಂದಿತು. ಮೊದಲ ದರ್ಜೆಯದರಲ್ಲಿ ಕ್ಲೋರಿನ್ ಶೇ 0.5ಕ್ಕಿಂತ ಕಡಿಮೆ ಇರಬೇಕು, ಕೊನೆಯ ದರ್ಜೆಯದರಲ್ಲಿ ಶೇ 1ರವರೆಗೆ ಇರಬಹುದು. ದರ್ಜೆ ಇಳಿದಂತೆ ಬೂದಿ ಜಾಸ್ತಿ, ತೇವ ಜಾಸ್ತಿ, ಶಾಖ ಕಡಿಮೆ, ಬೆಲೆಯೂ ಕಡಿಮೆ. ನಮ್ಮ ಪಕ್ಕಕ್ಕೆ ಯಾವ ದರ್ಜೆಯದು ಬರುತ್ತದೆ? ಸಭೆಯಲ್ಲಿ ಹಂಚಿದ ಕರಪತ್ರದಲ್ಲಿ 'ಗುಣಮಟ್ಟದ ಇಂಧನ' ಎಂದಷ್ಟೇ ಇತ್ತು. ಗುಣಮಟ್ಟ ಎನ್ನುವ ಪದ ನಮಗೆ ಬೇಡ. ದರ್ಜೆ ಯಾವುದು, ಪ್ರತಿ ಲೋಡಿನ ಕ್ಲೋರಿನ್ ಎಷ್ಟು, ಪರೀಕ್ಷೆ ಯಾರು ಮಾಡಿದರು, ಸರಿ ಇಲ್ಲದ ಎಷ್ಟು ಲೋಡು ವಾಪಸ್ ಕಳಿಸಿದಿರಿ, ಇದು ಬೇಕು. ವಾಪಸ್ ಕಳಿಸಿದ ಲೆಕ್ಕ ನನಗೆ ಎಲ್ಲಕ್ಕಿಂತ ಮುಖ್ಯ. ಆರು ತಿಂಗಳಲ್ಲಿ ಒಂದು ಲಾರಿಯನ್ನೂ ವಾಪಸ್ ಕಳಿಸಿಲ್ಲ ಎಂದರೆ, ಯಾರೂ ಪರೀಕ್ಷೆಯನ್ನೇ ಮಾಡುತ್ತಿಲ್ಲ ಎಂದು ನಾನು ತಿಳಿಯುತ್ತೇನೆ.

ಗೇಟಿನ ಹತ್ತಿರ ಒಂದು ಎಲೆಕ್ಟ್ರಾನಿಕ್ ಬೋರ್ಡ್ ಇದೆ. ಚಿಮಣಿಯ ಹೊಗೆಯಲ್ಲಿ ಧೂಳು ಎಷ್ಟು, ಗಂಧಕದ ಅನಿಲ ಎಷ್ಟು ಎಂದು ಅದರಲ್ಲಿ ಓಡುತ್ತಿರುತ್ತದೆ. ಸುಪ್ರೀಂ ಕೋರ್ಟ್ 2003ರ ಅಕ್ಟೋಬರ್ 14ರ ಆದೇಶದಲ್ಲಿ, ಅಪಾಯಕಾರಿ ರಾಸಾಯನಿಕ ಮತ್ತು ತ್ಯಾಜ್ಯ ಇರುವ ಕಾರ್ಖಾನೆಗಳು ಗೇಟಿನ ಹೊರಗೆ ಇಂಥ ಮಾಹಿತಿ ಹಾಕಬೇಕು ಎಂದು ಹೇಳಿದ ಮೇಲೆ ಬೋರ್ಡುಗಳು ಬಂದವು. ಬಂದಿದ್ದು ಒಳ್ಳೆಯದು. ಆದರೆ ನಮ್ಮಲ್ಲಿರುವ ಬೋರ್ಡ್ ಪೂರ್ತಿ ಇಂಗ್ಲಿಷಿನಲ್ಲಿದೆ. ಮುಖ ಲಾರಿ ನಿಲ್ಲುವ ಕಡೆಗಿದೆ, ಊರಿನಿಂದ ನಡೆದು ಬರುವವರಿಗೆ ಅದರ ಬೆನ್ನು ಕಾಣುತ್ತದೆ. ಮಧ್ಯಾಹ್ನದ ಬಿಸಿಲಿಗೆ ಅಂಕಿ ಓದಲು ಆಗುವುದಿಲ್ಲ. ಇಷ್ಟಕ್ಕೂ ಆ ಬೋರ್ಡಿನಲ್ಲಿ ಡಯಾಕ್ಸಿನ್ ಬರುವುದೇ ಇಲ್ಲ. ಅದನ್ನು ಹಾಗೆ ನಿಮಿಷ ನಿಮಿಷಕ್ಕೆ ಅಳೆಯಲು ಆಗುವುದಿಲ್ಲ. ಚಿಮಣಿ ಹತ್ತಿ ತಾಸುಗಟ್ಟಲೆ ಹೊಗೆ ಹಿಡಿದು, ಅದನ್ನು ವಿಶೇಷ ಪ್ರಯೋಗಾಲಯಕ್ಕೆ ಕಳಿಸಬೇಕು. ಸಿಮೆಂಟ್ ಕಿಲ್ನ್‌ನಲ್ಲಿ ಕಸ ಸುಡುವವರಿಗೆ ಇರುವ ಮಿತಿ ಒಂದು ಘನ ಮೀಟರ್ ಹೊಗೆಗೆ 0.1 ನ್ಯಾನೊಗ್ರಾಂ. ಅಂದರೆ ಒಂದು ಗ್ರಾಂನ ಸಾವಿರ ಕೋಟಿಯಲ್ಲಿ ಒಂದು ಪಾಲು. ಅಷ್ಟು ಸಣ್ಣದನ್ನು ಬೋರ್ಡ್ ಹೇಗೆ ತೋರಿಸೀತು? ಸಭೆಯಲ್ಲಿ ಅಧಿಕಾರಿಯೊಬ್ಬರು 'ಇಪ್ಪತ್ನಾಲ್ಕು ತಾಸೂ ಆನ್‌ಲೈನ್ ಇದೆ, ಮಾಲಿನ್ಯ ನಿಯಂತ್ರಣ ಮಂಡಳಿಯವರು ನೋಡುತ್ತಲೇ ಇರುತ್ತಾರೆ' ಎಂದಾಗ ನಮ್ಮ ಜನ ಚಪ್ಪಾಳೆ ತಟ್ಟಿದರು. ಆ ಮಾತು ಧೂಳಿಗೆ ನಿಜ, ಡಯಾಕ್ಸಿನ್‌ಗೆ ಅಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಡಿ ಎಂದು ಕೈ ಮುಗಿದು ಕೇಳಿಕೊಳ್ಳುತ್ತೇನೆ. ಸುಡುವ ಮುಂಚೆ ಒಮ್ಮೆ, ಸುಡಲು ಶುರು ಮಾಡಿದ ಮೇಲೆ ಒಮ್ಮೆ ಡಯಾಕ್ಸಿನ್ ಪರೀಕ್ಷೆ ಮಾಡಿಸಿ. ಎರಡು ವರದಿಯನ್ನೂ ಪಂಚಾಯ್ತಿ ಗೋಡೆಗೆ ಅಂಟಿಸಿ. ಮೊದಲಿನದು ಇಲ್ಲದೆ ಎರಡನೆಯದಕ್ಕೆ ಅರ್ಥವೇ ಇರುವುದಿಲ್ಲ.

ಹೊಟ್ಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರೈಸ್ ಮಿಲ್ಲುಗಳು ಎಷ್ಟೋ ವರ್ಷದಿಂದ ಅದನ್ನೇ ಸುಟ್ಟು ಭತ್ತ ಬೇಯಿಸುತ್ತವೆ. ಅದರಲ್ಲಿ ಐದನೇ ಒಂದು ಪಾಲಿನಷ್ಟು ಬೂದಿ, ಬಹಳ ಹಗುರ, ಮುಚ್ಚದಿದ್ದರೆ ಊರೆಲ್ಲ ಹಾರುತ್ತದೆ, ಅಷ್ಟು ನೋಡಿಕೊಂಡರೆ ಸಾಕು. ಆದರೆ ಒಂದು ಸಲಹೆ ಇದೆ. ನಮ್ಮ ಹೊಲಗಳಲ್ಲಿ ಹತ್ತಿ ಕಟ್ಟಿಗೆ, ಮೆಕ್ಕೆಜೋಳದ ಬೆಂಡು ರಾಶಿ ರಾಶಿ ಬೀಳುತ್ತದೆ. ತೊಗರಿ ಕಟ್ಟಿಗೆ ಬಿಡಿ, ಅದು ಒಲೆಗೆ ಬೇಕು, ತಡಿಕೆಗೂ ಬೇಕು. ಹತ್ತಿ ಕಟ್ಟಿಗೆಯನ್ನು ಮಾತ್ರ ಬಹಳ ಮಂದಿ ಹೊಲದಲ್ಲೇ ಸುಟ್ಟುಬಿಡುತ್ತಾರೆ. ಅದನ್ನು ಕಾರ್ಖಾನೆಯವರು ನಮ್ಮಿಂದ ರೇಟು ಕೊಟ್ಟು ಕೊಂಡರೆ ನಮಗೂ ಎರಡು ಕಾಸು, ಅವರಿಗೂ ಪಿವಿಸಿ ಇಲ್ಲದ ಇಂಧನ. ದೂರದ ಊರಿನ ಕಸ ತರುವ ಮುಂಚೆ ಪಕ್ಕದ ಹೊಲ ನೋಡಿ ಎಂದು ಹೇಳುತ್ತಿದ್ದೇನೆ.

ಸಭೆಯಲ್ಲಿ ಅತ್ಯಂತ ಒಳ್ಳೆಯ ಪ್ರಶ್ನೆ ಕೇಳಿದ್ದು ನಾನಲ್ಲ, ಮುಂದೆ ನೆಲದ ಮೇಲೆ ಕೂತಿದ್ದ ಒಬ್ಬ ಅಜ್ಜಿ. 'ಸುಡ್ರಿ, ಸುಟ್ಟ ಮ್ಯಾಲೆ ಬೂದಿ ಎಲ್ಲಿ ಹಾಕ್ತೀರಿ?' ಎಂದಳು. ಸಭೆ ಒಂದು ಕ್ಷಣ ಸುಮ್ಮನಾಯಿತು. ಈಗ ಬಾಯ್ಲರಿನ ಹಾರುಬೂದಿ ನಮ್ಮ ಸುತ್ತಲಿನ ಇಟ್ಟಿಗೆ ಭಟ್ಟಿಗಳಿಗೆ ಹೋಗುತ್ತದೆ. ಕಲ್ಲಿದ್ದಲ ಬೂದಿಗೆ ಅದು ಒಳ್ಳೆಯ ದಾರಿ. ಆದರೆ ಕಸ ಸುಟ್ಟ ಬೂದಿಯಲ್ಲಿ ಸೀಸ, ಕ್ಯಾಡ್ಮಿಯಂನಂಥ ಲೋಹ ಸೇರಬಹುದು. ಹೊಗೆ ಸೋಸುವ ಯಂತ್ರ ಚೆನ್ನಾಗಿ ಕೆಲಸ ಮಾಡಿದಷ್ಟೂ ಹೊಗೆಯಲ್ಲಿರಬೇಕಿದ್ದ ವಿಷ ಬೂದಿಗೆ ಬರುತ್ತದೆ, ಅದೂ ಲೆಕ್ಕಕ್ಕೆ ಬರಬೇಕಲ್ಲ. ಸಿಮೆಂಟ್ ಕಿಲ್ನ್‌ನವರಿಗೆ ಈ ಪ್ರಶ್ನೆಯೇ ಇಲ್ಲ, ಬಾಯ್ಲರ್‌ನವರಿಗೆ ಇದೇ ದೊಡ್ಡ ಪ್ರಶ್ನೆ. ಅಧಿಕಾರಿಗಳು 'ನಿಯಮದ ಪ್ರಕಾರ ವಿಲೇವಾರಿ ಮಾಡುತ್ತೇವೆ' ಎಂದರು. ಅಜ್ಜಿ 'ಅದ ಎಲ್ಲಿ ಅಂತ ಕೇಳಿದೆ' ಎಂದಳು. ಇನ್ನೂ ಉತ್ತರ ಬಂದಿಲ್ಲ.

ತಮ್ಮನ ಮಗನ ಚಿಂತೆ ಬೇರೆ. ಕಸದ ಚೂರು ಲಾರಿಯಿಂದ ಇಳಿಸುವುದು, ಬೆಲ್ಟಿಗೆ ಹಾಕುವುದು ಗುತ್ತಿಗೆ ಹುಡುಗರ ಕೆಲಸ. ಸೂಜಿ, ಡೈಪರ್, ಒಡೆದ ಗಾಜು ಬಂದರೆ ಕೈ ಹಾಕುವವರು ಅವರು. ಬರೀ ಗ್ಲೌಸ್ ಕೊಟ್ಟರೆ ಆಗುವುದಿಲ್ಲ. ಇನ್ನು ಮಳೆಗಾಲದಲ್ಲಿ ಈ ಇಂಧನ ಒದ್ದೆಯಾಗಿ ರಾಶಿ ಬಿದ್ದರೆ ಒಳಗೇ ಬಿಸಿಯಾಗಿ ತಾನಾಗೇ ಬೆಂಕಿ ಹತ್ತುವುದುಂಟು, ಕೊಳೆತ ನೀರು ಹರಿಯುವುದುಂಟು. ನಮ್ಮ ಹಳ್ಳ ಹರಿದು ಸೇರುವುದು ತುಂಗಭದ್ರೆಯ ಹಿನ್ನೀರಿಗೆ. ಸೂರು ಮತ್ತು ಸಿಮೆಂಟ್ ನೆಲ ಇರುವ ಶೆಡ್ ಕಟ್ಟುವವರೆಗೆ ಒಂದು ಲೋಡೂ ತರಬಾರದು.

ಇಷ್ಟೆಲ್ಲ ಕೇಳುವುದು ಜಾಸ್ತಿಯಾಯಿತೆ ಎಂದು ಯೋಚಿಸಿದೆ. ಆಗಿಲ್ಲ. ಪರಿಸರ ಅನುಮತಿ ಪಡೆದ ಕಾರ್ಖಾನೆ ಷರತ್ತು ಪಾಲಿಸಿದ ವರದಿಯನ್ನು ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಕೊಡಲೇಬೇಕು ಎಂದು 2006ರ ಅಧಿಸೂಚನೆಯಲ್ಲಿದೆ. ಸೆಪ್ಟೆಂಬರ್ 30ರೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ವರ್ಷದ ಪರಿಸರ ಹೇಳಿಕೆ ಕೊಡಬೇಕು. ಯಾವ ಇಂಧನ ಸುಡಬೇಕು ಎನ್ನುವುದು ಮಂಡಳಿಯ ಸಮ್ಮತಿ ಪತ್ರದಲ್ಲೇ ಇರುತ್ತದೆ, ಬದಲಾಯಿಸಬೇಕಾದರೆ ಅದನ್ನೂ ತಿದ್ದಿಸಬೇಕು. ಅಂದರೆ ಕಾಗದವೆಲ್ಲ ಹೇಗೂ ತಯಾರಾಗುತ್ತವೆ. ಆದರೆ ಅವು ಇಂಗ್ಲಿಷಿನಲ್ಲಿ ನೂರಾರು ಪುಟ, ಎಲ್ಲೋ ಒಂದು ಪೋರ್ಟಲಿನಲ್ಲಿ. ನಾನು ನಿಘಂಟು ಪಕ್ಕಕ್ಕಿಟ್ಟುಕೊಂಡು ಒಂದು ವರದಿ ಓದಿದೆ, ಹನ್ನೊಂದು ದಿನ ಬೇಕಾಯಿತು. ಪ್ರತಿ ಷರತ್ತಿನ ಮುಂದೆ 'ಪಾಲಿಸಲಾಗಿದೆ' ಎಂದಿತ್ತು. ಹತ್ತಿ ಕಪ್ಪಾದ ಆ ರಾತ್ರಿ ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಅದಕ್ಕೇ ನಾನು ಕೇಳುವ ವರದಿ ಸಣ್ಣದು. ತಿಂಗಳಿಗೆ ಒಂದು ಹಾಳೆ, ಕನ್ನಡದಲ್ಲಿ, ನಮ್ಮ ಹೆಣ್ಣುಮಕ್ಕಳು ಹಾಲಿನ ಡೈರಿಯ ಹತ್ತಿರ ನಿಂತು ಓದುವ ಹಾಗೆ. ಮಾದರಿಗೆ ನಾನೇ ಬರೆದು ಕಳಿಸಿದ್ದೇನೆ, ಅದು ಹೀಗಿದೆ: 'ಈ ತಿಂಗಳು ಬಾಯ್ಲರ್‌ನಲ್ಲಿ ಇಷ್ಟು ಟನ್ ಕಲ್ಲಿದ್ದಲು, ಇಷ್ಟು ಟನ್ ಹೊಟ್ಟು, ಇಷ್ಟು ಟನ್ ಕಸದ ಇಂಧನ ಸುಟ್ಟೆವು. ಕಸದ ಇಂಧನ ಈ ಊರಿನಿಂದ ಬಂತು, ದರ್ಜೆ ಇದು, ಕ್ಲೋರಿನ್ ಇಷ್ಟು. ಇಷ್ಟು ಲೋಡು ವಾಪಸ್ ಕಳಿಸಿದೆವು. ಕ್ಯಾಪ್ ಇಷ್ಟು ಸಲ ತೆರೆಯಿತು, ಈ ದಿನ, ಈ ಹೊತ್ತಿಗೆ, ಇಷ್ಟು ನಿಮಿಷ, ಕಾರಣ ಇದು. ಇಎಸ್‌ಪಿ ಇಷ್ಟು ತಾಸು ಕೆಟ್ಟಿತ್ತು, ಆಗ ಕುಲುಮೆ ನಿಲ್ಲಿಸಿದೆವು ಅಥವಾ ನಿಲ್ಲಿಸಲಿಲ್ಲ. ಬೂದಿ ಇಷ್ಟು, ಹೋದದ್ದು ಇಲ್ಲಿಗೆ. ಮುಂದಿನ ತಿಂಗಳು ದುರಸ್ತಿ ಈ ದಿನ. ರಾತ್ರಿ ಫೋನ್ ಎತ್ತುವವರ ನಂಬರ್ ಇದು.' ಕೆಟ್ಟ ದಿನಗಳನ್ನೂ ಬರೆಯಿರಿ ಎನ್ನುವುದೇ ನನ್ನ ಮುಖ್ಯ ಬೇಡಿಕೆ. ಕೆಟ್ಟ ದಿನ ಬರೆದ ಹಾಳೆಯಲ್ಲಿನ ಒಳ್ಳೆಯ ದಿನವನ್ನು ನಾವು ನಂಬುತ್ತೇವೆ.

2025ರ ಫೆಬ್ರುವರಿಯಲ್ಲಿ ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡ ಎಂದು ಕೊಪ್ಪಳ ಬಂದ್ ಆಯಿತು. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರೂ ಬೀದಿಗೆ ಬಂದರು. ನಾನೂ ಹೋಗಿದ್ದೆ. ಸುತ್ತ ನಿಂತವರ ಮಾತು ಕೇಳಿದೆ. ಧೂಳು, ಕೆಮ್ಮು, ಬೆಳೆ ಎಲ್ಲ ಹೇಳಿದರು. ಜೊತೆಗೆ, ನಮ್ಮನ್ನು ಯಾರೂ ಒಂದು ಮಾತು ಕೇಳಲಿಲ್ಲ, ಹೇಳಲಿಲ್ಲ ಎಂದು ಪ್ರತಿಯೊಬ್ಬರೂ ಹೇಳಿದರು. ಕಾರ್ಖಾನೆಗಳನ್ನು ನಡೆಸುವವರು ಇದನ್ನು ಗಮನಿಸಬೇಕು. ಜನಕ್ಕೆ ತಿಳಿಸಿದರೆ ವಿರೋಧ ಜಾಸ್ತಿಯಾಗುತ್ತದೆ ಎಂದು ನಿಮ್ಮಲ್ಲಿ ಕೆಲವರಿಗೆ ಭಯ ಇದೆ, ಸಭೆ ಮುಗಿದ ಮೇಲೆ ಚಹಾ ಕುಡಿಯುತ್ತಾ ಒಬ್ಬರು ನನ್ನ ಹತ್ತಿರ ಅದನ್ನೇ ಹೇಳಿದರು. ಕಿಲ್ನ್ ಹೊತ್ತಿಸುವ ಮುಂಚೆ ಬಂದ ಆ ನಾಲ್ಕು ಸಾಲಿನ ಸಂದೇಶದ ದಿನ ಏನಾಯಿತು ಎಂದು ಅವರಿಗೆ ನೆನಪಿಸಿದೆ.

ಮುಂದಿನ ಸಭೆ ದಸರಾ ಆದ ಮೇಲೆ ಎಂದಿದ್ದಾರೆ. ಶಾಖದ ಲೆಕ್ಕ, ಮೊದಲ ಡಯಾಕ್ಸಿನ್ ವರದಿ, ಬೂದಿಯ ಪರೀಕ್ಷೆ ಮೂರನ್ನೂ ಆವತ್ತು ತರುತ್ತೇವೆ ಎಂದು ಹೇಳಿದ್ದಾರೆ. ಅಜ್ಜಿಯನ್ನು ನಾನೇ ಕರೆದುಕೊಂಡು ಹೋಗುತ್ತೇನೆ. ನಮ್ಮ ಮನೆಯಲ್ಲಿ ಹಿತ್ತಲಿಗೆ ಒಂದು ಕೋಣೆ ಕಟ್ಟಿಸುತ್ತಿದ್ದೇವೆ, ಅವ್ವನಿಗೆ. ಹಾರುಬೂದಿ ಇಟ್ಟಿಗೆಗೆ ಮುಂಗಡ ಕೊಡಬೇಕೋ, ಮಣ್ಣಿನ ಇಟ್ಟಿಗೆ ತರಬೇಕೋ ಎಂದು ತಮ್ಮ ಕೇಳುತ್ತಿದ್ದಾನೆ. ಬೂದಿಯ ವರದಿ ನೋಡಿ ಹೇಳುತ್ತೇನೆ ಎಂದಿದ್ದೇನೆ.

ಇಂತಿ,
ಗಿಣಿಗೇರಾ ಸಮೀಪದ ಒಬ್ಬ ನಿವೃತ್ತ ಶಿಕ್ಷಕ
ಕೊಪ್ಪಳ ಜಿಲ್ಲೆ